ಮುಂದೆ ಓದಲು ಇಲ್ಲಿ ಒತ್ತಿ

ವರ್ಡ್‌ಪ್ರೆಸ್ಸಿನಲ್ಲಿ ಬ್ಲಾಗು ಬರೆಯುವವರಿಗೆ ಒಂದು ಪುಟ ಗೊತ್ತಿರುತ್ತದೆ. ಸೆಟ್ಟಿಂಗ್ಸಿಗೆ ಹೋಗಿ ‘ರೀಡಿಂಗ್’ ಅಂತ ಇರುವಲ್ಲಿ ಒತ್ತಿದರೆ ಎರಡು ಗುಂಡು ಬಟನ್ನುಗಳು ಕಾಣುತ್ತವೆ. ಫೀಡಿನಲ್ಲಿ ಬರಹವನ್ನು ಪೂರ್ತಿ ಕಳಿಸಲೋ, ಬರೀ ತುಣುಕು ಕಳಿಸಲೋ ಎಂದು ಅವು ಕೇಳುತ್ತವೆ. ಹೊಸದಾಗಿ ಬ್ಲಾಗು ತೆರೆದಾಗ ಚುಕ್ಕಿ ಇರುವುದು ‘ಪೂರ್ತಿ’ಯ ಮೇಲೆ. ಅಂದರೆ ಏನೂ ಮಾಡದೆ ಕೈಕಟ್ಟಿ ಕೂತವನು ತಾನಾಗಿಯೇ ಉದಾರಿ. ಜಿಪುಣನಾಗಬೇಕಾದರೆ ಮಾತ್ರ ಶ್ರಮವಿದೆ: ಲಾಗಿನ್ ಆಗಬೇಕು, ಪುಟ ಹುಡುಕಬೇಕು, ಚುಕ್ಕಿ ಬದಲಾಯಿಸಬೇಕು, ಕೆಳಗೆ ಹೋಗಿ ಸೇವ್ ಮಾಡಬೇಕು. ವರ್ಷಕ್ಕೆ ಎರಡು ಲೇಖನ ಬರೆದು, ‘ಬಹಳ ದಿನಗಳಿಂದ ಇತ್ತ ಬರಲಾಗಲಿಲ್ಲ, ಕ್ಷಮೆಯಿರಲಿ’ ಎಂದು ಮೂರನೆಯದನ್ನು ಶುರು ಮಾಡುವ ನಮ್ಮ ಬ್ಲಾಗಿಗರು ಈ ಒಂದು ಕೆಲಸವನ್ನು ಮಾತ್ರ ಮೊದಲ ದಿನವೇ ಶ್ರದ್ಧೆಯಿಂದ ಮುಗಿಸಿರುತ್ತಾರೆ.

ಫೀಡು ಎಂದರೇನೆಂದು ಮರೆತವರಿಗೆ ಎರಡು ಮಾತು. ಹತ್ತಾರು ಜಾಲತಾಣಗಳಿಗೆ ದಿನವೂ ಹೋಗಿ ‘ಹೊಸದೇನಾದರೂ ಬಂತಾ’ ಎಂದು ಇಣುಕುವ ಕಷ್ಟ ತಪ್ಪಿಸಲು ಹುಟ್ಟಿದ್ದು ಇದು. 1999ರ ಮಾರ್ಚಿನಲ್ಲಿ ನೆಟ್‌ಸ್ಕೇಪ್ ಕಂಪನಿ ಆರ್‌ಎಸ್‌ಎಸ್ ಎಂಬುದರ ಮೊದಲ ರೂಪವನ್ನು ತಂದಿತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಮದ್ರಾಸ್ ಐಐಟಿಯಲ್ಲಿ ಓದಿ ಹೋದ ರಾಮನಾಥನ್ ಗುಹಾ. ಡೇವ್ ವೈನರ್ ಅದನ್ನು ಬೆಳೆಸಿ 2002ರಲ್ಲಿ 2.0 ಮಾಡಿದರು. ಮೆಚ್ಚಿದ ತಾಣಗಳ ವಿಳಾಸವನ್ನು ಒಂದು ಫೀಡ್ ರೀಡರಿಗೆ ಹೇಳಿಟ್ಟರೆ ಮುಗಿಯಿತು, ಹೊಸ ಬರಹ ಬಂದಾಗಲೆಲ್ಲ ಅದೇ ಹೋಗಿ ಹೊತ್ತು ತರುತ್ತದೆ. ಮಿಣುಕುವ ಜಾಹೀರಾತಿಲ್ಲ, ಯಾರಿಗೆಷ್ಟು ಲೈಕು ಎಂಬ ಜಾತಕವಿಲ್ಲ, ಬರೀ ಅಕ್ಷರ. ಡಯಲಪ್ ಕಾಲದಲ್ಲಂತೂ ಎಲ್ಲವನ್ನೂ ಒಮ್ಮೆಲೇ ಇಳಿಸಿಕೊಂಡು, ಲೈನು ಕತ್ತರಿಸಿ, ಫೋನ್ ಬಿಲ್ಲಿನ ಹೆದರಿಕೆಯಿಲ್ಲದೆ ರಾತ್ರಿಯಿಡೀ ಓದಬಹುದಿತ್ತು. ಪೂರ್ತಿ ಕಳಿಸಿದವರ ಬರಹಗಳನ್ನು, ಅಷ್ಟೆ. ತುಣುಕು ಕಳಿಸಿದವರ ಬರಹಕ್ಕೆ ಮತ್ತೆ ಡಯಲ್ ಮಾಡಿ, ಮೋಡೆಮ್ಮಿನ ಕಿರುಚಾಟವನ್ನು ಆಲಿಸಿ, ಅವರ ಮನೆ ಬಾಗಿಲಿಗೇ ಹೋಗಬೇಕು.

ಎಲೆ ಹಾಕಿ, ನೀರು ಚಿಮುಕಿಸಿ, ಉಪ್ಪು, ಉಪ್ಪಿನಕಾಯಿ, ಚಮಚದಷ್ಟು ಕೋಸಂಬರಿ ಬಡಿಸಿ, ಅನ್ನ ಬೇಕಿದ್ದವರು ಎಲೆ ಬಿಟ್ಟೆದ್ದು ಆಚೆ ಬೀದಿಯ ಇನ್ನೊಂದು ಛತ್ರಕ್ಕೆ ಬನ್ನಿ ಎಂದು ಕೈಮುಗಿಯುವ ಬೀಗರನ್ನು ನಾನು ಇನ್ನೂ ಕಂಡಿಲ್ಲ. ಕಂಡರೆ, ಅವರಿಗೊಂದು ಬ್ಲಾಗು ಇರುವುದು ಖಂಡಿತ.

ತುಣುಕು ಎಂದರೆ ಎಷ್ಟು? ವರ್ಡ್‌ಪ್ರೆಸ್ಸಿನ ಪ್ರಕಾರ 55 ಪದ. ಬರೆದವರು ತಾವಾಗಿ ಸಾರಾಂಶ ಬರೆದುಕೊಡದಿದ್ದರೆ ಯಂತ್ರವೇ ಮೊದಲಿನಿಂದ ಐವತ್ತೈದು ಎಣಿಸಿ, ಕತ್ತರಿ ಹಾಕಿ, ಚೌಕ ಕಂಸದಲ್ಲಿ ಮೂರು ಚುಕ್ಕಿ ಇಡುತ್ತದೆ. ಅಮೆರಿಕದ ಬರಹಗಾರನಿಗೆ ಇದು ನಡೆಯಬಹುದು. ಹೇಳಬೇಕಾದ್ದನ್ನು ಮೊದಲ ಸಾಲಿಗೇ ಹೇಳಬೇಕೆಂದು ಅವನಿಗೆ ಶಾಲೆಯಲ್ಲೇ ಪೆಟ್ಟು ಕೊಟ್ಟು ಕಲಿಸಿರುತ್ತಾರಂತೆ. ನಮ್ಮವರ ಐವತ್ತೈದು ಪದಗಳಲ್ಲಿ ಏನಿರುತ್ತದೆ? ಪೀಠಿಕೆ ಇರುತ್ತದೆ. ಒಂದು ಮಾದರಿ ನೋಡಿ:

‘ಹೊರಗೆ ಸಣ್ಣಗೆ ಮಳೆ. ಕೈಯಲ್ಲಿ ಬಿಸಿ ಬಿಸಿ ಕಾಫಿ. ಕಿಟಕಿಯಾಚೆ ನೋಡುತ್ತಾ ಕೂತವಳಿಗೆ ಯಾಕೋ ಅಜ್ಜಿಯ ನೆನಪು. ಅಜ್ಜಿ ಎಂದರೆ ಅಡುಗೆಮನೆ, ಅಡುಗೆಮನೆ ಎಂದರೆ ಅಜ್ಜಿ. ಆ ಸೌದೆ ಒಲೆ, ಆ ಹೊಗೆ, ಆ ಹಿತ್ತಾಳೆ ಪಾತ್ರೆ, ಆ ಕೈ ರುಚಿ. ಇಂದಿನ ಪೀಳಿಗೆಗೆ ಅದೆಲ್ಲ ಎಲ್ಲಿ ಸಿಗಬೇಕು? ಕಾಲ ಬದಲಾಗಿದೆ. ನಾವೂ ಬದಲಾಗಿದ್ದೇವೆ. ಆದರೂ ಮನದ ಮೂಲೆಯಲ್ಲಿ ಎಲ್ಲೋ ಒಂದು ಕಡೆ ಆ ಘಮ ಇನ್ನೂ ಹಾಗೆಯೇ ಉಳಿದಿದೆ. ಇರಲಿ, ಈಗ ನಾನು ಹೇಳಹೊರಟ ವಿಷಯಕ್ಕೆ […]’

ಇದು ಬಿಸಿಬೇಳೆ ಬಾತಿನ ವಿಧಾನ. ಬೇಳೆ ಇನ್ನೂ ಡಬ್ಬಿಯಲ್ಲಿದೆ, ಹುಣಸೆಹಣ್ಣು ಅಂಗಡಿಯಲ್ಲಿದೆ, ಓದುಗ ಮಾತ್ರ ಆಗಲೇ ಬೆಂದುಹೋಗಿದ್ದಾನೆ.

ಕನ್ನಡಕ್ಕೆ ಇನ್ನೊಂದು ವಿಶೇಷ ತೊಂದರೆಯಿದೆ. ನಮ್ಮ ವಾಕ್ಯದ ಜುಟ್ಟು ಬಾಲದಲ್ಲಿದೆ. ಹೌದೋ ಅಲ್ಲವೋ, ಆಯಿತೋ ಆಗಲಿಲ್ಲವೋ ಎಂಬ ತೀರ್ಪನ್ನು ಇಂಗ್ಲಿಷಿನವನು ವಾಕ್ಯದ ನಡುವೆಯೇ ಹೇಳಿ ಕೈತೊಳೆದುಕೊಳ್ಳುತ್ತಾನೆ. ನಾವು ಕೊನೆಯ ಪದದವರೆಗೂ ಬಚ್ಚಿಡುತ್ತೇವೆ. ಹೀಗಾಗಿ ಫೀಡಿನಲ್ಲಿ ‘ಮಂತ್ರಿಗಳು ನಾಳೆ ಬೆಳಗ್ಗೆ ರಾಜೀನಾಮೆ ಕೊಡುವುದು ಖಚಿತ […]’ ಎಂದು ಓದಿ ಪಟಾಕಿಗೆ ಬೆಂಕಿ ಹಚ್ಚಿದವನಿಗೆ, ಕತ್ತರಿಯ ಆಚೆ ‘ಎಂದು ಯಾರೂ ಹೇಳಿಲ್ಲ’ ಎಂಬ ಬಾಲ ಇರುವುದು ಗೊತ್ತಾಗುವುದು ಪಟಾಕಿ ಸಿಡಿದ ಮೇಲೆ. ಸುಳ್ಳು ಸುದ್ದಿ ಹಬ್ಬಿಸಲು ಈಗ ಸುಳ್ಳನೇ ಬೇಕಾಗಿಲ್ಲ. ನಿಜ ಬರೆದು ಐವತ್ತೈದನೆಯ ಪದಕ್ಕೆ ನಿಲ್ಲಿಸಿದರೆ ಕೆಲಸವಾಗುತ್ತದೆ.

ಪದ ಎಣಿಸುವ ಯಂತ್ರವಾದರೂ ವಾಸಿ. ಅಕ್ಷರ ಎಣಿಸುವ ಯಂತ್ರಗಳು ಇನ್ನೂ ಘೋರ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಆರು: ಸ, ಅದರ ಮುಂದಿನ ಹಲಂತ, ತ, ಮತ್ತೊಂದು ಹಲಂತ, ರ, ಕಡೆಗೆ ದೀರ್ಘ. ಇಷ್ಟನೆಯ ಅಕ್ಷರಕ್ಕೆ ಕತ್ತರಿಸು ಎಂಬ ಆಜ್ಞೆ ಹೊತ್ತ ಯಂತ್ರ ಈ ಆರರ ನಡುವೆ ಎಲ್ಲಿ ಬೇಕಾದರೂ ಕತ್ತಿ ಬೀಸಬಹುದು. ಆಗ ಮಹಿಳಾ ದಿನಾಚರಣೆಯ ವಿಶೇಷ ಲೇಖನವೊಂದು ‘ಇಂದಿನ ಸಮಾಜದಲ್ಲಿ ಸ್’ ಎಂದು ಬುಸುಗುಟ್ಟಿ ಸುಮ್ಮನಾಗುತ್ತದೆ. ಬೈಟು ಎಣಿಸುವ ಹಳೆಯ ತಂತ್ರಾಂಶಗಳದ್ದು ಮತ್ತೊಂದು ಕಥೆ: ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಅದರ ನಡುವೆ ಕತ್ತರಿ ಬಿದ್ದರೆ ಉಳಿಯುವುದು ಕಪ್ಪು ವಜ್ರದ ಹೊಟ್ಟೆಯೊಳಗೊಂದು ಪ್ರಶ್ನಾರ್ಥಕ ಚಿಹ್ನೆ. ವಿಮರ್ಶೆಯ ಲೇಖನಗಳ ಕೊನೆಗೆ ಅದು ಕಾಣಿಸಿಕೊಂಡಾಗ ನಾನು ಬೇಸರಿಸಿದ್ದಿಲ್ಲ. ಕೆಲವು ಸಲ ಲೇಖನದ ಒಟ್ಟು ಅಭಿಪ್ರಾಯವೇ ಅದಾಗಿರುತ್ತದೆ.

ಸರಿ, ಪ್ರಾಮಾಣಿಕ ಓದುಗ ಆಮಿಷಕ್ಕೆ ಬಿದ್ದು ಕೊಂಡಿಯನ್ನು ಒತ್ತಿಯೇಬಿಟ್ಟ ಎಂದಿಟ್ಟುಕೊಳ್ಳಿ. ಅವನಿಗೆ ಸಿಗುವ ಸತ್ಕಾರವನ್ನು ನೋಡಬೇಕು. ಮೊದಲು ಕುಕ್ಕಿ ಒಪ್ಪಿಕೊಳ್ಳುತ್ತೀರಾ ಎಂಬ ಪ್ರಶ್ನೆ. ಬೇಡ ಎನ್ನುವ ಬಟನ್ ಇದೆ, ಹುಡುಕಲು ಭೂತಗನ್ನಡಿ ಬೇಕು. ಆಮೇಲೆ, ಹೊಸ ಸುದ್ದಿ ಬಂದಾಗ ನಿಮ್ಮ ಫೋನಿಗೆ ಗಂಟೆ ಬಾರಿಸಲೇ ಎಂಬ ಕೇಳಿಕೆ. ಬೇಡಪ್ಪಾ ಎಂದರೆ, ಹಾಗಾದರೆ ಆ್ಯಪ್ ಇಳಿಸಿಕೊಳ್ಳಿ, ಅಲ್ಲಿ ಓದುವ ಅನುಭವ ಇನ್ನೂ ಚೆನ್ನಾಗಿದೆ ಎಂಬ ಒತ್ತಾಯ. ಇಲ್ಲಿನ ಅನುಭವವೇ ಇನ್ನೂ ಶುರುವಾಗಿಲ್ಲ! ಅಷ್ಟರಲ್ಲಿ ಮೂಲೆಯಲ್ಲೊಂದು ವಿಡಿಯೊ ತನ್ನಷ್ಟಕ್ಕೆ ತಾನೇ ಅರಚತೊಡಗುತ್ತದೆ, ಅದರಲ್ಲಿ ಬೇರೆ ಯಾವುದೋ ಊರಿನ ಬೇರೆ ಯಾರದೋ ಜಗಳ. ಮುಚ್ಚಲು ಗುಣಾಕಾರದ ಗುರುತು ಒತ್ತಲು ಹೋದರೆ ಅದು ಅರ್ಧ ಅಂಗುಲ ಪಕ್ಕಕ್ಕೆ ಸರಿದು, ಬೆರಳು ಸೀದಾ ಸೈಟು ಮಾರುವವರ ಜಾಹೀರಾತಿನ ಮೇಲೆ ಬೀಳುತ್ತದೆ. ಹಿಂದಕ್ಕೆ ಬಂದು ಓದಲು ಕೂತರೆ ಒಂದು ಪ್ಯಾರಾ ಆದ ಕೂಡಲೇ ದಪ್ಪಕ್ಷರದಲ್ಲಿ ‘ಇದನ್ನೂ ಓದಿ’. ಇದನ್ನೂ ಓದುವುದಿರಲಿ, ಅದನ್ನೇ ಓದಲು ಬಿಡಿ ಸ್ವಾಮಿ! ಎರಡನೆಯ ಪ್ಯಾರಾ ಆದ ಮೇಲೆ ವಾಟ್ಸ್‌ಆ್ಯಪ್ ಚಾನೆಲ್ ಸೇರಿಕೊಳ್ಳಲು ಆಮಂತ್ರಣ. ಇಷ್ಟೆಲ್ಲ ದಾಟಿ ಕಡೆಗೆ ಮುಟ್ಟಿದಾಗ ತಿಳಿಯುವ ಸತ್ಯ ಏನೆಂದರೆ ಲೇಖನವಿದ್ದದ್ದೇ ಎಪ್ಪತ್ತು ಪದ. ಐವತ್ತೈದನ್ನು ಆಗಲೇ ಓದಿಯಾಗಿತ್ತು. ಉಳಿದ ಹದಿನೈದರಲ್ಲಿ ‘ನಿಮ್ಮ ಅನಿಸಿಕೆಗಳನ್ನು ತಪ್ಪದೇ ತಿಳಿಸಿ’ ಎಂಬುದೂ ಸೇರಿದೆ.

ನಮ್ಮ ಬಡಾವಣೆಯಲ್ಲೊಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ ಇದ್ದಾರೆ. ಸಜ್ಜನರು. ಹಬ್ಬಹರಿದಿನ, ಪ್ರವಾಸ, ಬಾಲ್ಯದ ನೆನಪು ಇತ್ಯಾದಿಗಳ ಬಗ್ಗೆ ಬ್ಲಾಗು ಬರೆಯುತ್ತಾರೆ, ಫೀಡಿನಲ್ಲಿ ತುಣುಕು ಬಿಡುತ್ತಾರೆ. ದರ್ಶಿನಿಯೊಂದರಲ್ಲಿ ಕಾಫಿ ಹಿಡಿದು ನಿಂತಾಗ ಕೇಳಿದೆ.

“ಪೂರ್ತಿ ಯಾಕೆ ಕೊಡಲ್ಲ ಸ್ವಾಮಿ?”

“ಕದೀತಾರೆ ಸಾರ್.”

“ಯಾರು?”

“ಅದೇ… ಈ ವೆಬ್‌ಸೈಟ್‌ನೋರು. ಫೀಡಿಂದ ಹಾಗೇ ಎತ್ಕೊಂಡು ತಮ್ಮ ಸೈಟಿಗೆ ಹಾಕ್ಕೋತಾರೆ.”

ಈ ಮಾತಿನಲ್ಲಿ ಸುಳ್ಳಿಲ್ಲ. ಪೂರ್ತಿ ಫೀಡು ಕಂಡಲ್ಲೆಲ್ಲ ನಕಲು ಮಾಡಿ ಜಾಹೀರಾತು ಅಂಟಿಸಿ ಕಾಸು ಮಾಡುವ ಯಂತ್ರಗಳು ಇದ್ದವು, ಈಗಲೂ ಇವೆ. ಆದರೆ ಆ ಯಂತ್ರಕ್ಕೆ ಫೀಡು ಸಿಗದಿದ್ದರೆ ಪುಟಕ್ಕೇ ಹೋಗಿ ಕೆರೆದು ತರುವುದು ಗೊತ್ತು. ಜೊತೆಗೆ ಕನ್ನಡದ ಕಳ್ಳ ಯಂತ್ರವಲ್ಲ, ನಮ್ಮ ನೆಂಟ. ಪುಟದಲ್ಲಿ ಬೆರಳು ಒತ್ತಿಹಿಡಿದು, ಎಲ್ಲವನ್ನೂ ಆಯ್ದು, ಕೆಳಗಿದ್ದ ಹೆಸರನ್ನು ಅಳಿಸಿ, ‘ಕೃಪೆ: ವಾಟ್ಸ್‌ಆ್ಯಪ್’ ಎಂದು ಸೇರಿಸಿ ನಾಲ್ಕು ಗುಂಪಿಗೆ ಹಾಕುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಅದು ಬರೆದವರ ಫೋನಿಗೇ ಬರುತ್ತದೆ, ‘ಎಷ್ಟು ಚೆನ್ನಾಗಿ ಬರೆದಿದ್ದಾರೆ, ಯಾರೋ ಪುಣ್ಯಾತ್ಮರು’ ಎಂಬ ಒಕ್ಕಣೆಯೊಂದಿಗೆ. ಇದನ್ನು ತಡೆಯಲು ನಮ್ಮ ಅಧಿಕಾರಿಗಳು ಬ್ಲಾಗಿನಲ್ಲಿ ರೈಟ್ ಕ್ಲಿಕ್ ಆಗದಂತೆ ಬೀಗ ಹಾಕಿಸಿದರು. ಕಳ್ಳರು ಸ್ಕ್ರೀನ್‌ಶಾಟ್ ತೆಗೆಯತೊಡಗಿದರು. ಬೀಗದಿಂದ ತೊಂದರೆಯಾದದ್ದು ಅವರಿಗೇ: ತಮ್ಮ ಲೇಖನದ ಒಂದು ಸಾಲನ್ನು ತಾವೇ ನಕಲಿಸಿಕೊಳ್ಳಲಾಗದೆ ಮಗಳಿಗೆ ಫೋನ್ ಮಾಡಬೇಕಾಯಿತು.

“ಕಳ್ಳರ ವಿಷಯ ಬಿಡಿ,” ಎಂದೆ. “ಓದುಗರಿಗೇನು ಕಷ್ಟ ಅಂತ ಯೋಚಿಸಿದ್ದೀರಾ?”

“ಓದುಗರು ಬರ್ಬೇಕಲ್ವಾ ಸಾರ್ ಬ್ಲಾಗಿಗೆ! ಎಲ್ಲಾ ಅಲ್ಲೇ ಓದ್ಕೊಂಡ್ಬಿಟ್ರೆ ನನಗೆ ಗೊತ್ತಾಗೋದು ಹೇಗೆ?” ಎನ್ನುತ್ತಾ ಫೋನು ತೆಗೆದು ಒಂದು ನಕ್ಷೆ ತೋರಿಸಿದರು. ನೀಲಿ ಗೆರೆ, ಏರಿಳಿತ, ಯಾವ ದೇಶದಿಂದ ಎಷ್ಟು ಮಂದಿ ಎಂಬ ಪಟ್ಟಿ. ಮುಖ ಅರಳಿತ್ತು. “ನೋಡಿ, ಕಡುಬಿನ ಬಗ್ಗೆ ಬರೆದಿದ್ದೆನಲ್ಲ, ಐರ್ಲೆಂಡಿನಿಂದ ನಲವತ್ತು ಜನ ಬಂದಿದ್ದಾರೆ!”

ಐರ್ಲೆಂಡಿನಲ್ಲಿ ಕನ್ನಡಿಗರು ಇದ್ದಾರೆ, ಕಡುಬಿನ ಆಸೆಯೂ ಅವರಿಗಿರಬಹುದು. ಆದರೆ ಡಬ್ಲಿನ್ನಿನ ಸುತ್ತಮುತ್ತ ದೊಡ್ಡ ದೊಡ್ಡ ಡೇಟಾ ಸೆಂಟರುಗಳೂ ಇವೆ. ಅಲ್ಲಿನ ಯಂತ್ರಗಳು ಹಗಲೂ ರಾತ್ರಿ ಜಗತ್ತಿನ ಪುಟಗಳನ್ನೆಲ್ಲ ಮುಟ್ಟಿ ನೋಡಿ ಹೋಗುತ್ತಿರುತ್ತವೆ. ಅವುಗಳಲ್ಲಿ ಎಷ್ಟು ಈ ನಲವತ್ತರಲ್ಲಿ ಸೇರಿದ್ದವೋ ಆ ನೀಲಿ ಗೆರೆ ಹೇಳುವುದಿಲ್ಲ. ಇವರು ಪೂರ್ತಿ ಫೀಡು ಕೊಡುತ್ತಿದ್ದು, ಅದೇ ಹೊತ್ತಿಗೆ ತುಮಕೂರಿನಲ್ಲೋ ಡಾಲಸ್ಸಿನಲ್ಲೋ ಒಬ್ಬರು ಫೀಡ್ ರೀಡರಿನಲ್ಲಿ ಪೂರ್ತಿ ಲೇಖನ ಓದಿ, ಹೂರಣದ ಅಳತೆ ಬರೆದಿಟ್ಟುಕೊಂಡು, ಕಡುಬು ಮಾಡಿ ತಿಂದಿದ್ದರೆ ಅವರು ನಕ್ಷೆಯಲ್ಲಿ ಸೊನ್ನೆ.

“ಸರಿ, ಇವರಲ್ಲಿ ಓದಿದವರೆಷ್ಟು?” ಎಂದೆ.

“ಓದಿದವರಾ? ಅದಕ್ಕೆ ಮೀಟರಿಲ್ಲ ಸಾರ್.”

ಇಡೀ ತಕರಾರಿನ ಗಂಟು ಇಲ್ಲಿದೆ. ಕಳ್ಳತನ, ಜಾಹೀರಾತು, ಸರ್ವರಿನ ಖರ್ಚು ಎಲ್ಲವೂ ಸೆರಗಿನ ಮರೆ. ತುಣುಕು ಕೊಡುವವರಿಗೆ ಬೇಕಾದದ್ದು ಓದುಗನ ಕಣ್ಣಲ್ಲ, ಪಾದ. ಬಂದು ಹೊಸ್ತಿಲು ತುಳಿದು, ಹಾಜರಿ ಹಾಕಿ, ಬೇಕಾದರೆ ಓದದೆಯೇ ಹೋಗಲಿ. ಓದಿ ಬಾರದೇ ಇರುವವನಿಗಿಂತ ಬಂದು ಓದದೇ ಇರುವವನು ಮೇಲು.

ತುಣುಕಿನ ಪಕ್ಷದ ವಿದ್ವಾಂಸರು ಇದಕ್ಕೆ ಪರಂಪರೆಯ ಬೆಂಬಲವನ್ನೂ ಹುಡುಕಿದ್ದಾರೆ. ಪತ್ರಿಕೆಗಳಲ್ಲಿ ‘ಪುಟ 6ಕ್ಕೆ’ ಇರಲಿಲ್ಲವೇ? ‘ಸುಧಾ’, ‘ತರಂಗ’ದ ಧಾರಾವಾಹಿಗಳ ಕೊನೆಗೆ ‘ಮುಂದುವರಿಯುವುದು’ ಇರಲಿಲ್ಲವೇ? ಇತ್ತು. ಆದರೆ ಆರನೇ ಪುಟ ಕೈಯಲ್ಲೇ ಇರುತ್ತಿತ್ತು. ಪುಟ ಮಗುಚುವಾಗ ಯಾರೂ ಬಂದು ಕುಕ್ಕಿ ತಿನ್ನುತ್ತೀರಾ ಎಂದು ಕೇಳುತ್ತಿರಲಿಲ್ಲ. ಇನ್ನು ಧಾರಾವಾಹಿ ಬರೆದವರು ನಿಲ್ಲಿಸುವ ಜಾಗಕ್ಕಾಗಿ ಬೆವರು ಸುರಿಸುತ್ತಿದ್ದರು. ಬಾಗಿಲು ತಟ್ಟಿದ ಸದ್ದು, ನಾಯಕಿ ಚಿಲಕಕ್ಕೆ ಕೈ ಹಾಕುತ್ತಾಳೆ, ಅಲ್ಲಿಗೆ ಆ ವಾರ ಮುಗಿಯಿತು. ಮುಂದಿನ ಗುರುವಾರವೋ ಶುಕ್ರವಾರವೋ ಬರುವ ತನಕ ಮನೆಮಂದಿ ಬಾಗಿಲಾಚೆ ನಿಂತವನ ಬಗ್ಗೆ ಪಂದ್ಯ ಕಟ್ಟುತ್ತಿದ್ದರು. ಐವತ್ತೈದನೆಯ ಪದಕ್ಕೆ ಬೀಳುವ ಕತ್ತರಿಗೆ ಚಿಲಕ ಯಾವುದು, ಬಾಗಿಲು ಯಾವುದು ಗೊತ್ತಿಲ್ಲ. ಅದು ನಿಲ್ಲಿಸುವುದು ‘ಹಾಗೂ’ ಎಂಬಲ್ಲಿ. ‘ಹಾಗೂ’ ನಂತರ ಏನು ಬಂತೋ ಎಂದು ನಿದ್ದೆಗೆಟ್ಟವರು ಕನ್ನಡ ನಾಡಿನಲ್ಲಿ ಯಾರೂ ಇಲ್ಲ.

ಈ ಜಗಳ ಹಳೆಯದು, ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. ಸ್ಟೀವನ್ ಲೆವಿಟ್ ಮತ್ತು ಸ್ಟೀಫನ್ ಡಬ್ನರ್ ಎಂಬ ಜೋಡಿ 2005ರಲ್ಲಿ ‘ಫ್ರೀಕನಾಮಿಕ್ಸ್’ ಎಂಬ ಪುಸ್ತಕ ಬರೆದು ಲೋಕಪ್ರಸಿದ್ಧರಾದರು. ಜನ ಯಾವ ಲಾಭ ಕಂಡರೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದೇ ಅದರ ವಸ್ತು. ಪರೀಕ್ಷೆಯಲ್ಲಿ ಮೋಸ ಮಾಡುವ ಮೇಷ್ಟ್ರುಗಳು, ಬೇಕೆಂದೇ ಸೋಲುವ ಸುಮೋ ಪೈಲ್ವಾನರು, ತಮ್ಮ ಮನೆಯನ್ನು ಒಂದು ರೀತಿ ಗಿರಾಕಿಯ ಮನೆಯನ್ನು ಇನ್ನೊಂದು ರೀತಿ ಮಾರುವ ದಲ್ಲಾಳಿಗಳು, ಎಲ್ಲರೂ ಅಲ್ಲಿದ್ದಾರೆ. 2007ರ ಆಗಸ್ಟಿನಲ್ಲಿ ಅವರ ಬ್ಲಾಗು ನ್ಯೂಯಾರ್ಕ್ ಟೈಮ್ಸ್ ತಾಣಕ್ಕೆ ಒಕ್ಕಲು ಹೋಯಿತು. ಹಳೆಯ ಮನೆಯಲ್ಲಿ ಫೀಡು ಪೂರ್ತಿ ಬರುತ್ತಿತ್ತು, ಹೊಸ ಮನೆಯಲ್ಲಿ ತುಣುಕು. ಓದುಗರು ರೊಚ್ಚಿಗೆದ್ದರು. ಲಾಭದಾಸೆಯ ಬಗ್ಗೆ ಲೋಕಕ್ಕೆ ಪಾಠ ಹೇಳಿದವರ ಫೀಡೇ ಆ ಪಾಠದ ಉದಾಹರಣೆಯಾಗಿ ಎದುರಿಗೆ ಕೂತಿತ್ತು: ಪತ್ರಿಕೆಗೆ ದುಡ್ಡು ಬರುವುದು ಪುಟ ತೆರೆದರೆ, ಆದ್ದರಿಂದ ತೆರೆಸು. ಅದೇ ತಿಂಗಳು ‘ಟೆಕ್‌ಡರ್ಟ್’ ತಾಣದ ಮೈಕ್ ಮ್ಯಾಸ್ನಿಕ್ ಈ ಲೆಕ್ಕವೇ ತಪ್ಪು ಎಂದು ಬರೆದರು. ಫೀಡಿನಲ್ಲಿ ಪೂರ್ತಿ ಓದುವವನೇ ಬೇರೆಯವರಿಗೆ ಕೊಂಡಿ ಕಳಿಸುವವನು, ಚರ್ಚೆಗೆ ಇಳಿಯುವವನು, ಹೊಸಬರನ್ನು ಕರೆತರುವವನು. ಅವನ ಕಣ್ಣಿಗೆ ಬಟ್ಟೆ ಕಟ್ಟಿದರೆ ಬರುವ ಪಾದಗಳೂ ಕಡಿಮೆಯಾಗುತ್ತವೆ ಎಂಬುದು ಅವರ ವಾದ. ಅರ್ಥಶಾಸ್ತ್ರಜ್ಞನಿಗೆ ಅರ್ಥಶಾಸ್ತ್ರ ಹೇಳಿಕೊಡುವ ಪ್ರಸಂಗ ದಿನಾ ಬರುವುದಿಲ್ಲ, ಮ್ಯಾಸ್ನಿಕ್ ಅದನ್ನು ಚೆನ್ನಾಗಿ ಅನುಭವಿಸಿದಂತೆ ಕಾಣುತ್ತದೆ.

ಬೇರೆ ದಾರಿಯೇ ಇರಲಿಲ್ಲ ಎನ್ನುವಂತಿಲ್ಲ. ಆ್ಯಪಲ್ ಕಂಪನಿಯ ಆಗುಹೋಗುಗಳ ಬಗ್ಗೆ ಬರೆಯುವ ಜಾನ್ ಗ್ರೂಬರ್ ತಮ್ಮ ‘ಡೇರಿಂಗ್ ಫೈರ್‌ಬಾಲ್’ ತಾಣದ ಪೂರ್ತಿ ಫೀಡನ್ನು ಮೊದಲು ಚಂದಾ ಕಟ್ಟಿದವರಿಗೆ ಮಾತ್ರ ಕೊಡುತ್ತಿದ್ದರು. 2007ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟು, ವಾರಕ್ಕೊಬ್ಬ ಪ್ರಾಯೋಜಕನ ಹೆಸರನ್ನು ಫೀಡಿನೊಳಗೇ ಇಟ್ಟರು. ಊಟದ ಜೊತೆಗೇ ಜಾಹೀರಾತು, ಎಲೆ ಬಿಟ್ಟು ಏಳಬೇಕಿಲ್ಲ. ಪಾಡ್‌ಕಾಸ್ಟುಗಳನ್ನೂ ನೋಡಿ. ಅವು ಓಡಾಡುವುದು ಇದೇ ಆರ್‌ಎಸ್‌ಎಸ್ ಹಳಿಯ ಮೇಲೆ. ಅಲ್ಲಿ ಒಂದು ನಿಮಿಷ ಮಾತಾಡಿ ‘ಮುಂದೆ ಕೇಳಲು ನಮ್ಮ ಕಚೇರಿಗೆ ಬನ್ನಿ’ ಎನ್ನುವವರು ಅಪರೂಪ. ಎರಡು ಗಂಟೆಯ ಹರಟೆಯನ್ನು ಧಾರಾಳವಾಗಿ ಕಳಿಸಿ, ನಡುವೆ ತಾವೇ ಬಾಯಿಬಿಟ್ಟು ಹಾಸಿಗೆ ದಿಂಬಿನ ಜಾಹೀರಾತು ಓದುತ್ತಾರೆ. ಮಾತಾಡುವವರಿಗಿರುವ ಈ ಬುದ್ಧಿ ಬರೆಯುವವರಿಗೆ ಇಲ್ಲದೇ ಹೋಯಿತು.

ತುಣುಕಿಗೆ ಜಾಗವೇ ಇಲ್ಲ ಎಂದಲ್ಲ. ದಿನಕ್ಕೆ ನೂರು ಸುದ್ದಿ ಹಾಕುವ ಪತ್ರಿಕೆಯ ಫೀಡಿನಲ್ಲಿ ಎರಡು ಸಾಲು ಸಾಕು, ನೂರನ್ನೂ ಪೂರ್ತಿ ಓದುವವನಿಗೆ ಬೇರೆ ಚಿಕಿತ್ಸೆ ಬೇಕು. ಚಂದಾ ಪಡೆದು ಬರೆಯುವವರು ಬಾಗಿಲು ಹಾಕಿಕೊಂಡರೆ ಅದು ಅವರ ಹೊಟ್ಟೆಪಾಡು. ಬರೆದವರೇ ಕೂತು, ಒಳಗೇನಿದೆ ಎಂದು ಎರಡು ಸಾಲಿನಲ್ಲಿ ಸ್ವಚ್ಛವಾಗಿ ಹೇಳಿದರೆ ಅದಕ್ಕೆ ನನ್ನ ನಮಸ್ಕಾರವಿದೆ. ಎಷ್ಟೋ ಸಲ ಲೇಖನಕ್ಕಿಂತ ಆ ಎರಡು ಸಾಲೇ ಚೆನ್ನಾಗಿರುತ್ತದೆ. ಹಾಗೆ ಬರೆಯಲು ತಮ್ಮ ಲೇಖನದಲ್ಲಿ ಏನಿದೆಯೆಂದು ತಮಗೇ ಗೊತ್ತಿರಬೇಕು ಎಂಬುದೊಂದೇ ಅಡಚಣೆ.

ಮಜಾ ಇರುವುದು ತುಣುಕಿನ ಪ್ರಭುಗಳು ತುಣುಕಿನ ವಿರುದ್ಧ ಯುದ್ಧ ಸಾರಿದ ಕಡೆ. ಗೂಗಲ್ಲು ಹುಡುಕಾಟದಲ್ಲಿ ನಮ್ಮ ಸುದ್ದಿಯ ಎರಡು ಸಾಲು ತೋರಿಸುತ್ತದೆ, ಅದಕ್ಕೆ ದುಡ್ಡು ಕೊಡಬೇಕು ಎಂದು ಜರ್ಮನಿಯ ಪ್ರಕಾಶಕರು ಹಟ ಹಿಡಿದು 2013ರಲ್ಲಿ ಕಾನೂನನ್ನೇ ಮಾಡಿಸಿಕೊಂಡರು. ಗೂಗಲ್ಲು, ಸರಿ, ಹಾಗಾದರೆ ತೋರಿಸುವುದಿಲ್ಲ ಎಂದಿತು. 2014ರಲ್ಲಿ ಆಕ್ಸೆಲ್ ಸ್ಪ್ರಿಂಗರ್ ಎಂಬ ದೈತ್ಯ ಪ್ರಕಾಶನ ಸಂಸ್ಥೆ ತನ್ನ ನಾಲ್ಕು ತಾಣಗಳ ತುಣುಕು ತೋರಿಸದೆ ಬರೀ ತಲೆಬರಹ ತೋರಿಸಲು ಬಿಟ್ಟು ನೋಡಿತು. ಎರಡು ವಾರದಲ್ಲಿ ಗೂಗಲ್ ಹುಡುಕಾಟದಿಂದ ಬರುವವರು ಸುಮಾರು ಶೇ 40, ಗೂಗಲ್ ನ್ಯೂಸಿನಿಂದ ಬರುವವರು ಸುಮಾರು ಶೇ 80ರಷ್ಟು ಕಡಿಮೆಯಾದರು. ನವೆಂಬರಿನಲ್ಲಿ ಸಂಸ್ಥೆ ಕೈಚೆಲ್ಲಿ, ದಯವಿಟ್ಟು ಮೊದಲಿನಂತೆ ತೋರಿಸಿ ಎಂದಿತು. ಸ್ಪೇನಿನವರು ಇನ್ನೂ ಬಿಗಿಯಾದ ಕಾನೂನು ತಂದರು. ಅದೇ ಡಿಸೆಂಬರಿನಲ್ಲಿ ಗೂಗಲ್ ನ್ಯೂಸ್ ಆ ದೇಶದಲ್ಲಿ ಅಂಗಡಿ ಮುಚ್ಚಿತು, ಮತ್ತೆ ತೆರೆದದ್ದು 2022ರಲ್ಲಿ. ಅದೇ 2022ರ ಜನವರಿಯಲ್ಲಿ, ನಮ್ಮ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇರೆಗೆ ಭಾರತದ ಸ್ಪರ್ಧಾ ಆಯೋಗವೂ ಗೂಗಲ್ ವಿರುದ್ಧ ತನಿಖೆಗೆ ಆದೇಶಿಸಿತು. ಒಟ್ಟಿನಲ್ಲಿ ತುಣುಕನ್ನು ನಾವು ತೋರಿಸಿದರೆ ಅದು ವ್ಯಾಪಾರದ ಜಾಣ್ಮೆ, ಅವರು ತೋರಿಸಿದರೆ ಹಗಲುದರೋಡೆ.

ಈಗ ಬಂದಿರುವುದು ಇದರ ಅಪ್ಪ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟಿನಲ್ಲಿ ಭಾರತದಲ್ಲಿ, ಗೂಗಲ್ಲು ಹುಡುಕಾಟದ ನೆತ್ತಿಗೆ ಕೃತಕ ಬುದ್ಧಿಮತ್ತೆಯಿಂದ ತಯಾರಾದ ಸಾರಾಂಶವೊಂದನ್ನು ಇಡತೊಡಗಿತು. ಹತ್ತು ಪುಟ ಓದಿ, ಹಿಂಡಿ, ರಸ ತೆಗೆದು, ನಾಲ್ಕು ಸಾಲಿನಲ್ಲಿ ಕೊಟ್ಟುಬಿಡುತ್ತದೆ. ಕುಕ್ಕಿ ಕೇಳುವುದಿಲ್ಲ, ‘ಇದನ್ನೂ ಓದಿ’ ಎನ್ನುವುದಿಲ್ಲ. ಆಗಾಗ ತಪ್ಪು ಹೇಳುತ್ತದೆ, ಆದರೆ ಪೀಠಿಕೆ ಹಾಕದೆ ಹೇಳುತ್ತದೆ. ಇಪ್ಪತ್ತು ವರ್ಷ ನಾವು ಓದುಗನಿಗೆ ಶ್ರದ್ಧೆಯಿಂದ ಕಲಿಸಿಕೊಟ್ಟ ಪಾಠ ಏನು? ಮೊದಲ ಐವತ್ತೈದು ಪದದಲ್ಲಿ ತೃಪ್ತನಾಗು, ಕೊಂಡಿ ಒತ್ತಿದರೆ ಕಷ್ಟಕ್ಕೆ ಬೀಳುತ್ತೀ ಎಂಬುದು. ಅವನು ಕಲಿತ. ಈಗ ಅವನು ಒತ್ತುತ್ತಿ‌ಲ್ಲ ಎಂದು ನಾವೇ ಎದೆ ಬಡಿದುಕೊಳ್ಳುತ್ತಿದ್ದೇವೆ.

ನಮ್ಮ ನಿವೃತ್ತ ಅಧಿಕಾರಿಗಳಿಗೆ ಈ ಕಥೆಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಜರ್ಮನಿಯ ಭಾಗವನ್ನು ಗಮನವಿಟ್ಟು ಕೇಳಿದರು, ಶೇಕಡಾವಾರು ಎಂದರೆ ಬ್ಯಾಂಕಿನವರಿಗೆ ಗೌರವ. ಗ್ರೂಬರ್ ಅವರ ಪ್ರಾಯೋಜಕನ ಮಾತು ಬಂದಾಗ, ಮುಖ್ಯರಸ್ತೆಯ ಹೋಳಿಗೆ ಅಂಗಡಿಯವರನ್ನು ಕೇಳಬಹುದೇನೋ ಎಂದರು. ಗೆದ್ದೆ ಎಂದುಕೊಂಡೆ.

“ಹಾಗಾದ್ರೆ ಇವತ್ತೇ ಮನೆಗೆ ಹೋಗಿ ಆ ಬಟನ್ ಬದಲಾಯಿಸಿ ಸ್ವಾಮಿ. ಪೂರ್ತಿ ಕೊಡಿ.”

ಅವರು ಲೋಟದ ತಳದಲ್ಲಿದ್ದ ನೊರೆಯನ್ನು ಚಮಚದಿಂದ ಕೆದಕುತ್ತಾ ನಿಂತರು. ಆಮೇಲೆ ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

“ಕೊಡಬಹುದು ಸಾರ್. ಆದ್ರೆ ಈಗ ತುಣುಕು ನೋಡಿದೋರು, ಮುಂದೆ ಏನೋ ಚೆನ್ನಾಗಿದೆ ಅಂದ್ಕೊಂಡಿರ್ತಾರೆ. ಪೂರ್ತಿ ಕೊಟ್ಬಿಟ್ರೆ ಮುಂದೆ ಏನೂ ಇಲ್ಲ ಅಂತ ಗೊತ್ತಾಗ್ಬಿಡಲ್ವಾ?”

ಇಷ್ಟು ವರ್ಷದ ಈ ವಾದವಿವಾದದಲ್ಲಿ ಇಷ್ಟು ಪ್ರಾಮಾಣಿಕವಾದ ಕಾರಣವನ್ನು ನ್ಯೂಯಾರ್ಕ್ ಟೈಮ್ಸಿನವರೂ ಕೊಟ್ಟಿರಲಿಲ್ಲ. ಕಾಲಂ ಬರೆದು ಬದುಕುವ ನನ್ನಲ್ಲಿ ಇದಕ್ಕೆ ಉತ್ತರವೂ ಇರಲಿಲ್ಲ. ಕಾಫಿಯ ದುಡ್ಡು ನಾನೇ ಕೊಟ್ಟೆ.